ಫೋಟೊ ಕೆಳಗೆ ಎರಡು ಸಾಲು ಬರಿ, ತಮ್ಮಾ

ತಮ್ಮಾ, ಬೆಂಗಳೂರು ಸೇರಿದ ಮೇಲೆ ನಿನಗೆ ಊರಿನ ಹಂಬಲ ಹೆಚ್ಚಾಗಿದೆ ಅನ್ನುವುದು ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿದರೇ ತಿಳಿಯುತ್ತದೆ. ರಜೆಗೆ ಬಂದಾಗಲೆಲ್ಲ ಮೊಬೈಲ್ ಹಿಡಿದು ಗುಡ್ಡ ಹತ್ತುತ್ತೀ, ಗುಡಿ ಸುತ್ತುತ್ತೀ, ಸಂಜೆ ಒಗ್ಗರಣೆ-ಮಿರ್ಚಿ ಬಂಡಿ ಮುಂದೆ ನಿಂತು ಅದರದ್ದೂ ಒಂದು ಫೋಟೊ ತೆಗೆಯುತ್ತೀ. ನನಗೆ ಇದು ಬಹಳ ಇಷ್ಟ. ಹುಟ್ಟಿದ ಊರನ್ನು ನಾಲ್ಕು ಜನಕ್ಕೆ ತೋರಿಸಬೇಕು ಅನ್ನುವ ಆಸೆ ಎಲ್ಲರಿಗೂ ಬರುವುದಿಲ್ಲ. ನಿನಗೆ ಬಂದಿದೆ, ಅದಕ್ಕೇ ಕೆಲವು ಮಾತು ಹೇಳುತ್ತೇನೆ, ಕೇಳು.

'ನಮ್ಮ ಬಳ್ಳಾರಿ' ಅಂತ ಬರೆದು ನೀನು ಹಾಕುವ ಫೋಟೊಗಳಲ್ಲಿ ಬಹುಪಾಲು ಹಂಪಿಯ ಕಲ್ಲಿನ ರಥ, ಇಲ್ಲವೇ ಟಿ.ಬಿ. ಡ್ಯಾಂ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಅವೆರಡೂ ಆ ಕಡೆ ಸೇರಿದವು. ನಮ್ಮ ಕಡೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು. ಜಿಲ್ಲೆ ಒಡೆದ ಬೇಸರದಲ್ಲಿ ಈ ಮಾತು ಆಡುತ್ತಿಲ್ಲ. ಹಂಪಿ ಎಂದಿಗೂ ನಮ್ಮದೇ. ಆದರೆ ಹಂಪಿಯ ಫೋಟೊ ತೆಗೆಯುವವರು ಜಗತ್ತಿನ ತುಂಬ ಇದ್ದಾರೆ. ಕುರುಗೋಡಿನ ಬಸವಣ್ಣನನ್ನು, ನಿಟ್ಟೂರಿನ ಬಂಡೆಯನ್ನು, ಕಪ್ಪಗಲ್ಲಿನ ಗುಡ್ಡವನ್ನು ನಾವು ತೋರಿಸದಿದ್ದರೆ ಇನ್ನಾರು ತೋರಿಸಬೇಕು?

ಎರಡನೆಯದು, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಫೋಟೊ ಕೆಳಗೆ ಹೃದಯದ ಗುರುತು ಹಾಕಿ ಬಿಟ್ಟುಬಿಡಬೇಡ. ಇದು ಏನು, ಯಾವ ಊರ ಹತ್ತಿರ, ಯಾವ ದಿಕ್ಕಿನಿಂದ ತೆಗೆದದ್ದು, ಯಾವ ತಾರೀಕು ಅನ್ನುವುದನ್ನು ಬರಿ. ಎರಡು ಸಾಲು ಸಾಕು. ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮಗ್ಗುಲಲ್ಲೇ ಒಂದು ಕಥೆ ಇದೆ.

ಬಳ್ಳಾರಿಯಿಂದ ಸ್ವಲ್ಪವೇ ದೂರ ಸಂಗನಕಲ್ಲು, ಅದರ ಪಕ್ಕದಲ್ಲೇ ಕಪ್ಪಗಲ್ಲು. ಅಲ್ಲಿನ ಹಿರೇಗುಡ್ಡದ ಮೇಲೆ ನವಶಿಲಾಯುಗದ ಜನ, ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದಿನವರು, ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಕಟ್ಟುತ್ತಿದ್ದರು. ಬೆಣಚು ಬಂಡೆಗಳ ನಡುವೆ ಕರಿಕಲ್ಲಿನ ಒಂದು ಪಟ್ಟಿ ಹಾಯ್ದಿದೆ. ಆ ಕಲ್ಲುಗಳ ಮೇಲೆ ಉದ್ದ ಕೊಂಬಿನ ಎತ್ತು, ಮನುಷ್ಯರು, ಹೀಗೆ ನೂರಾರು ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಂತೂ ಸಣ್ಣ ಕಲ್ಲಿನಿಂದ ಬಡಿದರೆ ಗುಡಿಯ ಗಂಟೆಯಂತೆ ಠಣ್ಣೆನ್ನುತ್ತವೆ. ಬಡಿದು ಬಡಿದು ಅವುಗಳ ಮೈಮೇಲೆ ನುಣುಪಾದ ಕುಣಿಗಳು ಬಿದ್ದಿವೆ. ಬ್ರಿಟಿಷ್ ಅಧಿಕಾರಿ ಫಾಸೆಟ್ 1892ರಲ್ಲಿ ಇದರ ಬಗ್ಗೆ ಬರೆದ. ಆ ಕಾಲದಲ್ಲಿ ಕೆಲವು ಫೋಟೊಗಳನ್ನೂ ತೆಗೆದರು. ಆದರೆ ಮೂಲ ಪ್ರತಿಗಳಲ್ಲಿ ಕೆಲವು ಕಳೆದುಹೋದವು, ಕೆಲವು ಮಾಸಿಹೋದವು. ಮುಂದೆ ಹುಡುಕಿಕೊಂಡು ಬಂದವರಿಗೆ ಆ ಜಾಗವೇ ಸಿಗಲಿಲ್ಲ. ನೂರು ವರ್ಷ ದಾಟಿದ ಮೇಲೆ, 2000ದ ನಂತರ, ರವಿ ಕೊರಿಶೆಟ್ಟರ್ ಮತ್ತು ನಿಕೋಲ್ ಬೊವಾನ್ ಅವರಿದ್ದ ತಂಡದ ಕೆಲಸದಿಂದ ಅದು ಮತ್ತೆ ಬೆಳಕಿಗೆ ಬಂತು. 2004ರಲ್ಲಿ ಲೇಖನ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಕಪ್ಪಗಲ್ಲಿನ ಸಂಗೀತದ ಬಂಡೆಗಳ ಬಗ್ಗೆ ಬರೆದವು.

ಆ ಗುಡ್ಡದ ಮೇಲೆ ಕುರಿ ಮೇಯಿಸುವವರಿಗೆ ಆ ಬಂಡೆ ಯಾವತ್ತೂ ಕಳೆದುಹೋಗಿರಲಿಕ್ಕಿಲ್ಲ. ಅವರನ್ನು ಕೇಳಿ ಬರೆದಿಟ್ಟವರು ಇರಲಿಲ್ಲ, ಅಷ್ಟೆ. ಅಷ್ಟರೊಳಗೆ ಕಲ್ಲು ಕ್ವಾರಿಯವರು ಗುಡ್ಡದ ಒಂದಷ್ಟು ಭಾಗವನ್ನು ಒಡೆದು ಸಾಗಿಸಿದ್ದರು, ಅದರ ಜೊತೆ ಚಿತ್ರಗಳೂ ಹೋದವು. ಗುರುತು ಬರೆದ ಹತ್ತು ಫೋಟೊ ಊರಿನ ಹುಡುಗರ ಕೈಯಲ್ಲಿ ಇದ್ದಿದ್ದರೆ ಕೊನೇ ಪಕ್ಷ ಏನು ಹೋಯಿತು ಅನ್ನುವುದಾದರೂ ತಿಳಿಯುತ್ತಿತ್ತು. ಅಲ್ಲಿಗೆ ಹೋಗುವ ಮೊದಲು ಬಳ್ಳಾರಿಯಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ನೋಡಿಕೊಂಡು ಹೋಗು. ಕಣ್ಣಿಗೆ ಏನು ಬೀಳಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಫೋಟೊ ಬೇರೆಯೇ ಬರುತ್ತದೆ.

ಹೋದಾಗ ಒಂದು ಎಚ್ಚರ. ಚಿತ್ರ ಎದ್ದು ಕಾಣಲಿ ಅಂತ ಸುಣ್ಣದ ಕಡ್ಡಿಯಿಂದ ತಿದ್ದುವುದು, ನೀರು ಸುರಿಯುವುದು, ಹಿಟ್ಟು ಬಳಿಯುವುದು ಬೇಡ. ರೀಲ್ಸ್‌ಗೋಸ್ಕರ ಬಂಡೆಯನ್ನು ಬಡಿಯುವುದಂತೂ ಬೇಡವೇ ಬೇಡ. ಒಬ್ಬ ಬಡಿದ ವಿಡಿಯೊ ನೋಡಿ ನಾಳೆ ನೂರು ಜನ ಬಡಿಯಲು ಬರುತ್ತಾರೆ. ಬೆಳಗ್ಗೆ ಸೂರ್ಯ ಹುಟ್ಟಿದ ಅರ್ಧ ತಾಸಿನೊಳಗೆ ಇಲ್ಲವೇ ಮುಳುಗುವ ಹೊತ್ತಿಗೆ ಹೋಗು. ಆಗ ಬಿಸಿಲು ಓರೆಯಾಗಿ ಬೀಳುತ್ತದೆ. ಮಧ್ಯಾಹ್ನ ಬರೀ ಕಪ್ಪು ಬಂಡೆಯಾಗಿ ಕಂಡದ್ದರ ಮೇಲೆ ಎತ್ತಿನ ಕೊಂಬು, ಬೆನ್ನು, ಬಾಲ ಒಂದೊಂದಾಗಿ ಎದ್ದು ಬರುತ್ತವೆ. ಶಾಸನದ ಕಲ್ಲು, ವೀರಗಲ್ಲು ತೆಗೆಯುವಾಗಲೂ ಇದೇ ಉಪಾಯ. ಮಂಟಪದ ಕತ್ತಲಲ್ಲಿದ್ದರೆ ಜೊತೆಗಿದ್ದವರ ಕೈಗೆ ಟಾರ್ಚ್ ಕೊಟ್ಟು ಪಕ್ಕದಿಂದ ಬೆಳಕು ಹಿಡಿಸು. ಎದುರಿಗೆ ಫ್ಲಾಶ್ ಹೊಡೆದರೆ ಅಕ್ಷರವೆಲ್ಲ ಮುಚ್ಚಿಹೋಗುತ್ತದೆ.

ಫೋಟೊ ಉಳಿದರೆ ಏನು ಲಾಭ ಅನ್ನುವುದಕ್ಕೂ ಉದಾಹರಣೆ ನಮ್ಮದೇ. ಹಂಪಿ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲ, 1856. ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನುವ ಸೈನ್ಯಾಧಿಕಾರಿ ಭಾರಿ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಮೇಣದ ಕಾಗದದ ನೆಗೆಟಿವ್ ಮೇಲೆ ಅಲ್ಲಿನ ಗುಡಿ ಮಂಟಪಗಳ ಚಿತ್ರ ತೆಗೆದ. ಅವು ಬಹಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ಸುಮಾರಿಗೆ ಮತ್ತೆ ಸಿಕ್ಕವು. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರ ಇತ್ತು ಅನ್ನುವುದು ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈಗ ನೀನು ಸೆಲ್ಫಿ ತೆಗೆದುಕೊಳ್ಳುವ ರಥದ ಮೇಲೆ ಅದಿಲ್ಲ. ಆಮೇಲೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆ ಎದ್ದಿತು, ಎಲ್ಲಿ ಗಿಡ ಬೆಳೆಯಿತು, ಎಲ್ಲ ತಿಳಿಯುತ್ತದೆ.

ಇದನ್ನು ನೀನೂ ಮಾಡಬಹುದು, ಖರ್ಚಿಲ್ಲ. ಬಳ್ಳಾರಿಯಲ್ಲಿ ಒಂದು ಜಾಗ ಆರಿಸಿಕೊ. ಗಡಗಿ ಚನ್ನಪ್ಪ ವೃತ್ತವೋ, ಕೌಲ್‌ಬಜಾರಿನ ಒಂದು ತಿರುವೋ, ಬ್ರೂಸ್‌ಪೇಟೆಯ ಒಂದು ಓಣಿಯೋ, ರಾಘವ ಕಲಾಮಂದಿರದ ಮುಂಭಾಗವೋ ಆಗಲಿ. ಪ್ರತಿ ಸಲ ಊರಿಗೆ ಬಂದಾಗ ಅಲ್ಲೇ ನಿಂತು, ಅದೇ ಎತ್ತರಕ್ಕೆ ಮೊಬೈಲ್ ಹಿಡಿದು ತೆಗೆ. ನೀನು ನನ್ನ ವಯಸ್ಸಿಗೆ ಬರುವ ಹೊತ್ತಿಗೆ ನಿನ್ನ ಹತ್ತಿರ ಇರುವುದು ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಇನ್ನು ಕೋಟೆ. ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ ಎರಡನ್ನೂ ಒಂದೇ ಅಂದುಕೊಂಡು ಹೆಸರು ಅದಲುಬದಲು ಬರೆಯುವವರು ಬಹಳ. ಕೋಟೆ ಇರುವುದು ಬಳ್ಳಾರಿ ಗುಡ್ಡದ ಮೇಲೆ. ಮೇಲಿನ ಕೋಟೆ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನದು ಹೈದರಾಲಿ ಕಟ್ಟಿಸಿದ್ದು. ಕೆಳಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನಿಗೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅನ್ನುವುದು ಹೊಳೆಯಲಿಲ್ಲ, ಅದಕ್ಕೆ ಹೈದರ್ ಅವನನ್ನು ಗಲ್ಲಿಗೆ ಹಾಕಿಸಿದ ಅಂತ ಊರಲ್ಲಿ ಕಥೆ ಹೇಳುತ್ತಾರಲ್ಲ, ಆ ಕಥೆ ಕಣ್ಣಿಗೆ ಕಾಣಬೇಕಾದರೆ ಎರಡೂ ಗುಡ್ಡ ಒಂದೇ ಫೋಟೊದಲ್ಲಿ ಬರಬೇಕು. ಬರೀ ಮೆಟ್ಟಿಲು, ಬರೀ ಬುರುಜು ತೆಗೆದರೆ ಅದು ಯಾವ ಊರಿನ ಕೋಟೆಯೂ ಆಗಬಹುದು. ಮೇಲೆ ಹೋದಾಗ ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿದಿಡುತ್ತಿದ್ದ ಹೊಂಡಗಳನ್ನೂ ತೆಗೆ. ನಮ್ಮ ಬಿಸಿಲಿನಲ್ಲಿ ಆ ಗುಡ್ಡದ ತುದಿಯಲ್ಲಿ ಸೈನ್ಯ ಹೇಗೆ ಬದುಕಿತು ಅನ್ನುವ ಪ್ರಶ್ನೆಗೆ ಅವೇ ಉತ್ತರ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಮೊದಲು ಪುರಾತತ್ವ ಇಲಾಖೆಯ ಅನುಮತಿ ಕೇಳು.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರ. ಒಂದೇ ಕಲ್ಲಿನಲ್ಲಿ ಮೂಡಿದ, ಹನ್ನೆರಡು ಅಡಿಯ ಆಸುಪಾಸಿನ ಬಸವಣ್ಣ. ಬಯಲಲ್ಲಿ ಕೂತಿದ್ದರೆ ದೂರ ನಿಂತು ತೆಗೆಯಬಹುದಿತ್ತು, ಆತ ಗುಡಿಯೊಳಗೆ ಕೂತಿದ್ದಾನೆ. ಮುಖವಷ್ಟೇ ತೆಗೆದರೆ ಮೂರಡಿಯ ನಂದಿಯೋ ಹನ್ನೆರಡು ಅಡಿಯದೋ ನೋಡಿದವರಿಗೆ ತಿಳಿಯುವುದಿಲ್ಲ. ಪೂಜಾರರನ್ನು ಕೇಳಿ, ಅವರು ಆರತಿ ಎತ್ತುವಾಗ ತೆಗೆ. ಮನುಷ್ಯನೊಬ್ಬ ಪಕ್ಕದಲ್ಲಿ ನಿಂತರೆ ಆತನ ದೊಡ್ಡತನ ತಾನೇ ಕಾಣುತ್ತದೆ. ಅವರು ಬೇಡ ಅಂದರೆ ಕೈಮುಗಿದು ಬಂದುಬಿಡು, ವಾದ ಬೇಡ. ತೇರಿನ ದಿನ ಎಲ್ಲರೂ ಅಲ್ಲೇ ಇರುತ್ತಾರೆ, ತೇರಿನ ಫೋಟೊ ನೂರು ಸಿಗುತ್ತವೆ. ನೀನು ಬೇರೆ ದಿನ ಹೋಗಿ ಊರ ಸುತ್ತಲ ಗುಡ್ಡ, ಹಳೇ ಗುಡಿಗಳನ್ನು ನೋಡು. 12ನೇ ಶತಮಾನದಲ್ಲಿ ಬಲ್ಲಕುಂದೆ ನಾಡನ್ನು ಆಳಿದ ಸಿಂದರಿಗೆ ಇದೇ ರಾಜಧಾನಿ. ಬಾದಾಮಿ, ಲಕ್ಕುಂಡಿ ಅಂತ ಹುಡುಕಿಕೊಂಡು ಹೋಗುವ ಜನ ಕುರುಗೋಡನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಅವರಿಗೆ ತೋರಿಸಿದವರಿಲ್ಲ.

ಸಿರುಗುಪ್ಪ ಅಂದರೆ ಎಲ್ಲರಿಗೂ ಭತ್ತದ ಗದ್ದೆ, ತುಂಗಭದ್ರೆ. ಅದು ಸರಿ. ಆದರೆ ಆ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ದೇಶದ ಅವನ ಶಾಸನಗಳಲ್ಲಿ ಬಹುತೇಕ ಕಡೆ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇರುವುದು. ಅಶೋಕ ಎಂಬ ಹೆಸರು ಬರೆದಿರುವ ಜಾಗಗಳು ನಾಲ್ಕೇ ನಾಲ್ಕು: ನಮ್ಮ ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ಇನ್ನೆರಡು ಇವು. ಶಾಲೆಯ ಪುಸ್ತಕದಲ್ಲಿ ಮಸ್ಕಿಯ ಹೆಸರು ಓದಿದ ನೀನು, ತಾಸೊಪ್ಪತ್ತಿನ ದಾರಿಯ ನಿಟ್ಟೂರಿಗೆ ಹೋಗಿದ್ದೀಯಾ? ಅದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿ 1965ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಅದನ್ನೂ ನೋಡು.

ಹೊಳೆಯ ಫೋಟೊ ಹಾಕುವಾಗ ತಾರೀಕು ಮರೆಯಲೇಬಾರದು. 2009ರಲ್ಲಿ ಬಂದ ಪ್ರವಾಹ ಸಿರುಗುಪ್ಪ ಸೀಮೆಯವರಿಗೆ ಇನ್ನೂ ನೆನಪಿದೆ. ಅಂಥ ಫೋಟೊ ತಾರೀಕಿಲ್ಲದೆ ಬಿಟ್ಟರೆ ಮಳೆ ಜೋರಾದಾಗಲೆಲ್ಲ ಅದೇ ಮತ್ತೆ ತಿರುಗಾಡಿ, ಹೊಳೆದಂಡೆಯ ಹಳ್ಳಿಗಳವರು ಸುಮ್ಮನೆ ಗಾಬರಿಯಾಗುತ್ತಾರೆ. ಹೊರಗಿನ ಊರುಗಳಲ್ಲಿ ಇರುವ ಮಕ್ಕಳು ಮನೆಗೆ ಫೋನ್ ಮೇಲೆ ಫೋನ್ ಮಾಡುತ್ತಾರೆ.

ಇಷ್ಟು ಹೊತ್ತು ಜಾಗದ ಹೆಸರು ಬರಿ ಅಂದೆ. ಒಂದು ಕಡೆ ಮಾತ್ರ ಬರೆಯಲೇಬೇಡ. ಸಿರುಗುಪ್ಪ ತಾಲ್ಲೂಕಿನ ಎರೆಹೊಲ, ಹುಲ್ಲುಬಯಲುಗಳಲ್ಲಿ ಎರೆಭೂತ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುತ್ತಾರಲ್ಲ ಅದು, ಬೆರಳೆಣಿಕೆಯಷ್ಟು ಉಳಿದುಕೊಂಡಿದೆ. ಜಗತ್ತಿನಲ್ಲೇ ಅವು ನೂರೈವತ್ತರ ಆಸುಪಾಸು ಇರಬಹುದು ಅಂತ ಅಂದಾಜು. ಅದು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಫೋಟೊ ತೆಗೆಯಲು ಜೀಪು ನುಗ್ಗಿಸಿದರೆ, ತಾಯಿ ಎದ್ದು ಹೋದರೆ, ಆ ವರ್ಷದ ಫಸಲು ಮುಗಿಯಿತು. ಅದೃಷ್ಟದಿಂದ ಕಂಡರೆ ದೂರದಿಂದಲೇ ನೋಡು. ಮೊಬೈಲಿನ ಲೊಕೇಶನ್ ಆಫ್ ಮಾಡು. ಹಳ್ಳಿಯ ಹೆಸರು, ಹೊಲದ ಗುರುತು, ಹಿನ್ನೆಲೆಯ ಗುಡಿ, ಯಾವುದೂ ಹೊರಗೆ ಹೋಗದಿರಲಿ. ಅರಣ್ಯ ಇಲಾಖೆಯವರಿಗೆ ತಿಳಿಸು, ಸ್ಟೇಟಸ್‌ಗೆ ಬೇಡ. ನೂರು ಲೈಕು ಬರುವುದಕ್ಕಿಂತ ಆ ಮೊಟ್ಟೆ ಒಡೆದು ಮರಿಯಾಗುವುದು ದೊಡ್ಡದು.

ಜನರ ವಿಷಯದಲ್ಲೂ ಹೀಗೇ. ಜೀನ್ಸ್ ಹೊಲಿಯುವ ಕಾರ್ಖಾನೆಯ ಕೈಗಳು, ನಾಟಿ ಹಚ್ಚುವ ಹೆಣ್ಣುಮಕ್ಕಳು, ದುರ್ಗಮ್ಮನ ಸಿಡಿಬಂಡಿಯ ದಿನ ಹರಕೆ ತೀರಿಸುವವರು, ಇವರೆಲ್ಲ ನಮ್ಮ ಊರಿನ ಮುಖಗಳು. 'ಯಕ್ಕಾ, ಒಂದು ಫೋಟೊ ತೆಗೀಲೇನು?' ಅಂತ ಕೇಳು. ಬಹಳ ಜನ ಸೆರಗು ಸರಿಮಾಡಿಕೊಂಡು ನಗುತ್ತಾ ನಿಲ್ಲುತ್ತಾರೆ. ಬೇಡ ಅಂದವರದ್ದು ತೆಗೆಯಬಾರದು. ತೆಗೆದರೆ ಅವರಿಗೂ ಒಂದು ಪ್ರತಿ ಮುಟ್ಟಿಸು. ತೆಗೆದುಕೊಂಡು ಹೋದವರು ಯಾರೂ ತಿರುಗಿ ಕೊಡಲಿಲ್ಲ ಅನ್ನುವ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ.

ಕೊನೆಗೆ ಮನೆಯ ಟ್ರಂಕು. ಅದರಲ್ಲಿ ಹಳೇ ಕಪ್ಪು-ಬಿಳಿ ಫೋಟೊಗಳಿವೆ, ಹಿಂದೆ ಏನೂ ಬರೆದಿಲ್ಲ. ಅಜ್ಜಿಯ ನೆನಪು ಗಟ್ಟಿಯಾಗಿರುವಾಗಲೇ ಪಕ್ಕದಲ್ಲಿ ಕೂತು ಇವರು ಯಾರು, ಯಾವ ಮದುವೆ, ಯಾವ ಓಣಿ ಅಂತ ಕೇಳಿ ಬರೆದುಕೊ. ಹಿಂದೆ ಬರೆಯುವಾಗ ಪೆನ್ಸಿಲ್ಲಿನಲ್ಲಿ, ಅಂಚಿಗೆ, ಮೆಲ್ಲಗೆ. ಬಾಲ್ ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಬೀಳುತ್ತದೆ. ಹಿನ್ನೆಲೆಯ ಬೋರ್ಡುಗಳನ್ನೂ ನೋಡು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಚೇರಿಯ ಬೋರ್ಡಿನ ಮೇಲೆ ಮದ್ರಾಸ್ ಸರ್ಕಾರದ ಹೆಸರು ಕಂಡರೆ ಫೋಟೊ ಅದಕ್ಕೂ ಹಿಂದಿನದು ಅಂತ ಹೇಳಬಹುದು.

ಒಳ್ಳೆಯ ಫೋಟೊಗಳನ್ನು ಮೊಬೈಲಿನಲ್ಲೊಂದೇ ಇಡಬೇಡ, ಮೂಲ ಫೈಲನ್ನು ಹಾರ್ಡ್‌ಡಿಸ್ಕಿಗೂ ಹಾಕು. ನಾಲ್ಕು ಜನಕ್ಕೆ ಉಪಯೋಗವಾಗಲಿ ಅನ್ನಿಸಿದರೆ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸು, ಕನ್ನಡದಲ್ಲೇ ವಿವರ ಬರಿ. ಮುಂದಿನ ಸಲ ಬಂದಾಗ ನಿಟ್ಟೂರಿಗೆ ಹೋಗಿ ಬಾ, ತೆಗೆದದ್ದನ್ನು ನನಗೂ ಕಳಿಸು. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಅಕ್ಷರ ಮಸಕಾಗುತ್ತವೆ, ತೆಗೆದ ದಿನ, ಜಾಗದ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸು, ಆ ಶಾಸನದ ಬ್ರಾಹ್ಮಿ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಬೇಕು.