ಆಸ್ಯಾಸುಖ: ಮನೆಗೆ ಬಂದ ಸಂತೆ, ಮನೆಗೆ ಬಂದ ಶಾಲೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಹಿರಿಯರಿಗೆ ಸಂತೆಯು ಕೊಡುಕೊಳ್ಳುವ ಸ್ಥಳವಾಗಿದ್ದಂತೆ, ಅರಿವಿಲ್ಲದೆಯೇ ವಾರಕ್ಕೊಮ್ಮೆ ದೊರೆಯುತ್ತಿದ್ದ ವ್ಯಾಯಾಮವೂ ಆಗಿತ್ತು. ಹಳ್ಳಿಯಿಂದ ನಡೆದು ಬರುವುದು, ಅಂಗಡಿಯಿಂದ ಅಂಗಡಿಗೆ ತಿರುಗುವುದು, ಚೀಲ ಹೊತ್ತು ಮರಳುವುದು, ಇವೆಲ್ಲ ದಿನಚರಿಯಲ್ಲಿ ಬೆರೆತುಹೋಗಿದ್ದವು. ಇಂದು ಆ ಸಂತೆಯೇ ಮೊಬೈಲಿನೊಳಗೆ ಬಂದು ಕುಳಿತಿದೆ. ಸೀರೆ, ಪಾತ್ರೆ, ಪಂಪಿನ ಬಿಡಿಭಾಗ, ಮಕ್ಕಳ ಪುಸ್ತಕ, ಔಷಧಿ ಎಲ್ಲವೂ ಬೆರಳ ತುದಿಯ ಒಂದು ಒತ್ತಿಗೆ ಮನೆಬಾಗಿಲಿಗೆ ಬರುತ್ತವೆ. ನಮ್ಮ ಗೋಕಾಕದ ಕರದಂಟು ಕೂಡ ಅದೇ ದಾರಿಯಲ್ಲಿ ದೂರದ ಊರುಗಳ ಬಂಧುಗಳ ಮನೆಗೆ ಹೋಗುತ್ತಿದೆ.

ಸದ್ಭಕ್ತರೇ, ಈ ಸೌಲಭ್ಯವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದ ತಾಯಿಗೆ, ಹಾಲೂಡಿಸುವ ಬಾಣಂತಿಗೆ, ಪಾರ್ಶ್ವವಾಯುವಿನಿಂದ ಮಲಗಿದವರನ್ನು ನೋಡಿಕೊಳ್ಳುವ ಸೊಸೆಗೆ ಇದು ನಿಜವಾದ ಉಪಕಾರ. ಹೊರಗೆ ಹೋಗಲಾರದ ಸ್ಥಿತಿ ಎಂಥದೆಂಬುದನ್ನು 2019ರ ಆಗಸ್ಟ್ ತಿಂಗಳಿನ ಘಟಪ್ರಭೆಯ ಮಹಾಪೂರದಲ್ಲಿ ನಾವು ಕಂಡಿದ್ದೇವೆ. ಮರುವರ್ಷದ ಲಾಕ್‌ಡೌನಿನಲ್ಲಿ ಇಡೀ ದೇಶವೇ ಅದನ್ನು ಕಂಡಿತು. ಆದರೆ ಸುಖವೊಂದು ಮನೆಯೊಳಗೆ ಬಂದಾಗ ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ನೋಡುವುದು ವೈದ್ಯನ ಕರ್ತವ್ಯ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಕಾರಣಗಳನ್ನು ಹೇಳುವಾಗ ಮೊಟ್ಟಮೊದಲು ಬರುವ ಪದ ‘ಆಸ್ಯಾಸುಖ’. ಕುಳಿತಿರುವುದರಲ್ಲಿಯೇ ಕಾಣುವ ಸುಖ ಎಂದು ಅದರ ಅರ್ಥ. ಅದರ ಬೆನ್ನಿಗೇ ‘ಸ್ವಪ್ನಸುಖ’ ಅಂದರೆ ಅತಿನಿದ್ರೆಯ ಸುಖ ಬರುತ್ತದೆ. ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು ಆಮೇಲೆ. ಕಬ್ಬಿನ ನಾಡಾದ ನಮ್ಮ ಭಾಗದಲ್ಲಿ ಸಕ್ಕರೆ ಕಾಯಿಲೆಯ ಮಾತು ಬಂದೊಡನೆ ಎಲ್ಲರೂ ಬೆಲ್ಲದತ್ತ ಬೆರಳು ತೋರಿಸುತ್ತಾರೆ. ಚರಕಾಚಾರ್ಯರು ಬೆಲ್ಲಕ್ಕಿಂತ ಮೊದಲು ಆಸನವನ್ನು ಹೆಸರಿಸಿದ್ದಾರೆ ಎಂಬುದನ್ನು ಗಮನಿಸುವವರು ಕಡಿಮೆ.

ಆಧುನಿಕ ಶರೀರಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ನಮ್ಮ ಮಾಂಸಖಂಡಗಳು; ಅವುಗಳಲ್ಲಿ ತೊಡೆ ಮತ್ತು ಮೀನಖಂಡದ ಪಾಲು ದೊಡ್ಡದು. ಅವು ಚಲಿಸಿದರೆ ಇನ್ಸುಲಿನ್ನಿನ ಸಹಾಯವಿಲ್ಲದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬಲ್ಲವು. ಸುಮ್ಮನಿದ್ದರೆ ಸಕ್ಕರೆ ರಕ್ತದಲ್ಲಿಯೇ ಹೆಚ್ಚು ಹೊತ್ತು ಉಳಿಯುತ್ತದೆ. ನಮ್ಮ ದೇಶದಲ್ಲಿ 10 ಕೋಟಿಗೂ ಅಧಿಕ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತಿಳಿಸಿದೆ. ಆದ್ದರಿಂದ ಮನೆಯಲ್ಲಿ ಕುಳಿತೇ ಸಂತೆ ಮಾಡುವವರು ಉಳಿಸಿದ ಹೆಜ್ಜೆಗಳನ್ನು ಬೇರೆಡೆ ತೀರಿಸಬೇಕು. ಊಟದ ನಂತರ ನೂರು ಹೆಜ್ಜೆ ನಡೆಯಬೇಕೆಂದು ಸುಶ್ರುತರು ಹೇಳಿದ್ದಾರೆ. ಅದನ್ನು ಹತ್ತು ನಿಮಿಷಕ್ಕೆ ವಿಸ್ತರಿಸಿದರೆ ಇನ್ನೂ ಉತ್ತಮ. ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ಕೊಡದವರೆಗಾದರೂ ಹೋಗಿ ಬರಬೇಕು. ಇತ್ತೀಚೆಗೆ ಶ್ರಾವಣಮಾಸದ ಪ್ರವಚನವನ್ನೂ ಹಾಸಿಗೆಯ ಮೇಲೆ ಒರಗಿ ಮೊಬೈಲಿನಲ್ಲಿ ಆಲಿಸುವವರಿದ್ದಾರೆ. ನಡೆಯಲು ಶಕ್ತಿಯಿದ್ದವರು ಮಠದವರೆಗೆ ನಡೆದೇ ಬರಲಿ ಎಂಬುದು ವೈದ್ಯನಾಗಿಯೂ ನನ್ನ ಕೋರಿಕೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಕುಳಿತು ಸೀರೆ ಕೊಂಡು ಬಣ್ಣ ಹಿಡಿಸದಿದ್ದರೆ ಮರಳಿಸಬಹುದು. ಔಷಧಿಯ ಮಾತು ಹಾಗಲ್ಲ. ಮೂಡಲಗಿ ಭಾಗದ ನಿವೃತ್ತರೊಬ್ಬರು ಮೊಬೈಲಿನ ಜಾಹೀರಾತು ನೋಡಿ ಮಧುಮೇಹಕ್ಕೆಂದು ಒಂದು ಚೂರ್ಣ ತರಿಸಿದರು. ‘ಆಯುರ್ವೇದ, ಅಡ್ಡ ಪರಿಣಾಮವಿಲ್ಲ’ ಎಂದು ಬರೆದಿತ್ತಂತೆ. ಅದನ್ನು ನಂಬಿ ಹನ್ನೆರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಿದರು. ಎರಡು ತಿಂಗಳ ನಂತರ ಕಾಲಿನ ಹೆಬ್ಬೆರಳಿನ ಮಾಯದ ಹುಣ್ಣಿನೊಂದಿಗೆ ಬಂದಾಗ ಬರಿಹೊಟ್ಟೆಯ ಸಕ್ಕರೆ 310 ಇತ್ತು. ಅವರು ತಂದ ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆಯಾಗಲಿ, ತಯಾರಿಕಾ ಪರವಾನಗಿಯ ಸಂಖ್ಯೆಯಾಗಲಿ ಇರಲಿಲ್ಲ. ಬೆರಳು ಉಳಿಯಿತು, ಆದರೆ ಮೂರು ತಿಂಗಳ ಚಿಕಿತ್ಸೆ ಬೇಕಾಯಿತು. ನಾನು ಆಯುರ್ವೇದದ ವೈದ್ಯನೇ. ಆದರೂ ಸ್ಪಷ್ಟವಾಗಿ ಹೇಳುತ್ತೇನೆ. ಇನ್ಸುಲಿನ್ ಆಗಲಿ, ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳಾಗಲಿ, ಯಾವುದೇ ಚೂರ್ಣವನ್ನು ನಂಬಿ ಸ್ವಂತ ನಿರ್ಧಾರದಿಂದ ನಿಲ್ಲಿಸಕೂಡದು.

ಮಧುಮೇಹವನ್ನು, ರಕ್ತದೊತ್ತಡವನ್ನು ಗುಣಪಡಿಸುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಹೀಗಿರುವಾಗ ಅಂಥ ಭರವಸೆಯೇ ಎಚ್ಚರಿಕೆಯ ಮೊದಲ ಗುರುತು. ಎರಡನೆಯದು ಡಬ್ಬಿಯ ಮೇಲಿನ ಬರಹ. ನಿಯಮದಂತೆ ತಯಾರಾದ ಆಯುರ್ವೇದ ಔಷಧಿಯ ಮೇಲೆ ‘ಆಯುರ್ವೇದ ಔಷಧಿ’ ಎಂಬ ಉಲ್ಲೇಖ, ಘಟಕದ್ರವ್ಯಗಳ ಪಟ್ಟಿ, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಇರಲೇಬೇಕು. ಕೆಲವು ಡಬ್ಬಿಗಳ ಮೇಲೆ ಇದಾವುದೂ ಇರದೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಮಾತ್ರ ಇರುತ್ತದೆ. ಅಂಥದು ಕಾಯಿದೆಯ ದೃಷ್ಟಿಯಲ್ಲಿ ಆಹಾರ, ಔಷಧಿಯಲ್ಲ. ಆಹಾರವೆಂದು ಸೇವಿಸಲು ಅಡ್ಡಿಯಿಲ್ಲ, ರೋಗ ವಾಸಿಯಾಗುತ್ತದೆಂದು ಕಾಯುವುದು ಬೇಡ.

ಘಟಕದ್ರವ್ಯಗಳ ಪಟ್ಟಿಯನ್ನು ಓದುವುದಂತೂ ಒಂದು ಪಾಠವೇ ಸರಿ. ನಮ್ಮಲ್ಲಿ ಬ್ರಾಹ್ಮಿ ಎಂದರೆ ಅನೇಕರು ಒಂದೆಲಗವನ್ನು ತೋರಿಸುತ್ತಾರೆ. ಅದು ಮಂಡೂಕಪರ್ಣಿ, ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಇಂದು ವೈದ್ಯರು ಬ್ರಾಹ್ಮಿ ಎಂದು ಬಳಸುವುದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಎರಡೂ ಮೇಧ್ಯಗಳೇ, ಆದರೆ ಎರಡೂ ಒಂದೇ ಅಲ್ಲ. ಅಂಗಡಿಯಲ್ಲಾದರೆ ಕೇಳಿ ತಿಳಿಯಬಹುದು. ಮೊಬೈಲಿನಲ್ಲಿ ಕೇಳಲು ಯಾರೂ ಇಲ್ಲದ ಕಾರಣ ಸಸ್ಯಶಾಸ್ತ್ರದ ಹೆಸರನ್ನೇ ನೋಡಬೇಕು. ಅಮೃತಬಳ್ಳಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಔಷಧಕ್ಕೆ ಬೇಕಾದುದು ಟಿನೋಸ್ಪೊರಾ ಕಾರ್ಡಿಫೋಲಿಯಾ. ಅದನ್ನೇ ಹೋಲುವ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಯಕೃತ್ತಿಗೆ ತೊಂದರೆ ಮಾಡಬಹುದಾದ್ದರಿಂದ ಇವೆರಡನ್ನು ಬೆರೆಸಿಕೊಳ್ಳಬಾರದೆಂದು ಆಯುಷ್ ಸಚಿವಾಲಯವೇ ಎಚ್ಚರಿಸಿದೆ.

ಔಷಧ ನಿಯಮಾವಳಿಯ ಇ-1 ಅನುಸೂಚಿ ಎಂಬ ಪಟ್ಟಿಯೊಂದಿದೆ. ವತ್ಸನಾಭಿ, ಕಾಸರಕ, ಗೇರುಬೀಜ, ಗುಲಗಂಜಿ, ದತ್ತೂರಿ, ಜಾಪಾಳ ಮುಂತಾದ ಸಸ್ಯಗಳೂ ಪಾದರಸ, ಹಿಂಗುಲ, ಹರಿತಾಳ, ಮನಃಶಿಲೆ ಮುಂತಾದ ಖನಿಜಗಳೂ ಅದರಲ್ಲಿವೆ. ಈ ಹೆಸರುಗಳನ್ನು ಕಂಡು ಯಾರೂ ಬೆದರಬೇಕಾಗಿಲ್ಲ. ಶೋಧನೆಗೊಂಡು ಸರಿಯಾದ ಮಾತ್ರೆಯಲ್ಲಿ, ಸರಿಯಾದ ರೋಗಿಗೆ ಕೊಟ್ಟಾಗ ಇವು ಔಷಧಿಗಳೇ. ಆದರೆ ರೋಗಿಯ ನಾಡಿ, ಅಗ್ನಿ, ಮೂತ್ರಪಿಂಡದ ಬಲ ನೋಡದೆ ಕೊಡುವಂಥವಲ್ಲ. ಇವು ಸೇರಿದ ಸೇವನೆಯ ಔಷಧಿಗಳ ಮೇಲೆ ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುದ್ರಿತವಾಗಿರಬೇಕು. ಕನ್ನಡದಲ್ಲಿ ಇರುವುದಿಲ್ಲವಾದ್ದರಿಂದ ನಮ್ಮ ಹಿರಿಯರು ಅದನ್ನು ಓದದೆ ಬಿಡುತ್ತಾರೆ; ಮನೆಯ ಮಕ್ಕಳು ಓದಿ ಹೇಳಲಿ. ವೈದ್ಯರ ಚೀಟಿಯನ್ನು ಪಡೆದ ನಂತರವೇ ಇಂಥವನ್ನು ಮಾರಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿದೆ. ಚೀಟಿ ಕೇಳದೆ ರಸೌಷಧಿ ಕಳುಹಿಸುವವರಿಂದ ಕೊಳ್ಳಬೇಡಿರಿ. ಕೀಲುನೋವಿಗೆ ಎರಡೇ ದಿನದಲ್ಲಿ ಆರಾಮ ಕೊಡುವ ಹೆಸರಿಲ್ಲದ ಪುಡಿಗಳ ಬಗೆಗಂತೂ ದೂರವಿರಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆತಿದ್ದುದು ದೇಶದ ಹಲವೆಡೆ ಪತ್ತೆಯಾಗಿದೆ.

ರಿಯಾಯಿತಿಯ ಬಗೆಗೆ ಒಂದು ಮಾತು. ಚೂರ್ಣವು ಎರಡು ತಿಂಗಳ ನಂತರ ವೀರ್ಯಹೀನವಾಗುತ್ತದೆಂದು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಇಂದಿನ ಗಾಳಿಯಾಡದ ಡಬ್ಬಿಗಳಲ್ಲಿ ಆಯುಷ್ಯ ಹೆಚ್ಚಿರಬಹುದು. ಆದರೂ ಅರ್ಧ ಬೆಲೆಗೆ ಬರುವ ತ್ರಿಫಲಾ ಚೂರ್ಣದ ತಯಾರಿಕೆಯ ದಿನಾಂಕ ನೋಡಿದರೆ ರಿಯಾಯಿತಿಯ ಗುಟ್ಟು ಅನೇಕ ವೇಳೆ ಅಲ್ಲಿಯೇ ಬಯಲಾಗುತ್ತದೆ.

ಸಂತೋಷದಿಂದ ತರಿಸಿಕೊಳ್ಳಬಹುದಾದವೂ ಇವೆ. ಸಕ್ಕರೆ ಅಳೆಯುವ ಯಂತ್ರ, ತೋಳಿಗೆ ಕಟ್ಟುವ ರಕ್ತದೊತ್ತಡದ ಯಂತ್ರ, ಊರುಗೋಲು, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳುವ ಸರಳು, ಇವು ಹಿರಿಯರಿದ್ದ ಮನೆಗೆ ಬೇಕಾದವು. ಸಕ್ಕರೆಯ ಪಟ್ಟಿಗಳ ಅವಧಿ ಮುಗಿದಿರಬಾರದು. ಕನ್ನಡಕವನ್ನು ಮಾತ್ರ ಕಣ್ಣು ಪರೀಕ್ಷಿಸಿಕೊಳ್ಳದೆ ತರಿಸಬೇಡಿರಿ.

ಇನ್ನು ಮನೆಯೊಳಗಿನ ಶಾಲೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ಸೇತುಬಂಧ ಪಾಠಗಳನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ. ಹಳ್ಳಿಯ ಮನೆಗಳಲ್ಲಿ ಇದು ಸಾಧ್ಯವಾದುದರ ಹಿಂದೆ ಹಳೆಯದೊಂದು ಸಹಕಾರವಿದೆ. 1969ರಲ್ಲಿ ಸ್ಥಾಪನೆಗೊಂಡ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ರೈತರ ಮನೆಗಳಿಗೆ ದೀಪ ತಲುಪಿಸಿದಾಗ ಅದರ ಬೆಳಕಿನಲ್ಲಿ ಓದಿದವರು ಇಂದು ಅಜ್ಜಂದಿರಾಗಿದ್ದಾರೆ. ಅವರ ಮೊಮ್ಮಕ್ಕಳಿಗೆ ಅದೇ ತಂತಿಯ ವಿದ್ಯುತ್ತಿನಿಂದ ಪಾಠವೇ ಬರುತ್ತಿದೆ. ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಕೇಂದ್ರ ಸರಕಾರದ ಸ್ವಯಂ ಜಾಲತಾಣದಲ್ಲಿ ಮನೆಯಿಂದಲೇ ಪಾಠ ಕೇಳಬಹುದು. ಅರವತ್ತು ದಾಟಿದವರು ಹೊಸ ಭಾಷೆ ಕಲಿಯಬಹುದು. ಬುದ್ಧಿಗೆ ಕೆಲಸ ಕೊಟ್ಟಷ್ಟೂ ಒಳ್ಳೆಯದೇ.

ಆದರೆ ಕಣ್ಣಿಗೆ ಮಿತಿಯಿದೆ. ರೋಗಕ್ಕೆ ಮೂರು ಕಾರಣಗಳನ್ನು ಹೇಳುವ ಚರಕರು ಇಂದ್ರಿಯಗಳ ಅಸಾತ್ಮ್ಯ ಸಂಯೋಗವನ್ನು ಅವುಗಳಲ್ಲಿ ಸೇರಿಸಿದ್ದಾರೆ. ಅತಿ ಪ್ರಕಾಶವನ್ನು ಅತಿಯಾಗಿ ನೋಡುವುದು ಕಣ್ಣಿನ ಅತಿಯೋಗ; ಅತಿ ಸಮೀಪದಿಂದ ನೋಡುವುದು ಮಿಥ್ಯಾಯೋಗ. ಕತ್ತಲ ಕೋಣೆಯಲ್ಲಿ ಹೊದಿಕೆಯೊಳಗೆ ಮೊಬೈಲ್ ಹಿಡಿದ ಬಾಲಕನಲ್ಲಿ ಎರಡೂ ಕೂಡಿವೆ. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ತಲೆ ನೋಯುತ್ತದೆ, ಕುತ್ತಿಗೆ ಬಿಗಿಯುತ್ತದೆ. ಕೇಂದ್ರದ ಶಿಕ್ಷಣ ಇಲಾಖೆಯು 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು ಶಾಲಾಪೂರ್ವ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರದಂತೆ, 1ರಿಂದ 8ನೆಯ ತರಗತಿಯವರಿಗೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ನೆಯ ತರಗತಿಯವರಿಗೆ ನಾಲ್ಕು ಅವಧಿ ಎಂದು ಮಿತಿ ಹಾಕಿತ್ತು. ಶಾಲೆ ತೆರೆದ ಮೇಲೆ ಆ ಮಿತಿಯನ್ನು ಮನೆಗಳು ಮರೆತಿವೆ. ಪಾಠದ ಹೆಸರಿನಲ್ಲಿ ಆಟವೂ ಸೇರಿಕೊಂಡಿದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಮರವನ್ನೋ ಗುಡಿಯ ಶಿಖರವನ್ನೋ 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿರಿ. ಪ್ರತಿದಿನ ಎರಡು ತಾಸು ಹಗಲ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿಯ ದೋಷ ಬರುವ ಸಂಭವ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಅದಕ್ಕೆ ಬೇಕಾದ ಬಯಲು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ.

ಪಾಠವನ್ನಾಗಲಿ ಆಟವನ್ನಾಗಲಿ ಬಿಟ್ಟೇಳಲು ಮನಸ್ಸಿಲ್ಲದೆ ಮೂತ್ರ ತಡೆದು ಕೂರುವ ಮಕ್ಕಳನ್ನು ಚಿಕಿತ್ಸಾಲಯದಲ್ಲಿ ಈಗ ಹೆಚ್ಚಾಗಿ ನೋಡುತ್ತಿದ್ದೇನೆ. ಮಲಮೂತ್ರ, ಸೀನು, ಹಸಿವು, ನಿದ್ರೆ ಮುಂತಾದ ಹದಿಮೂರು ವೇಗಗಳನ್ನು ತಡೆಯಬಾರದೆಂದು ಚರಕರು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳೂ ಇವೆ, ಅವುಗಳಲ್ಲಿ ಒಂದು ಲೋಭ. ‘ಇನ್ನು ಎರಡೇ ತಾಸು’ ಎಂದು ಮಧ್ಯರಾತ್ರಿ ಮಿನುಗುವ ಮಾರಾಟದ ಸೂಚನೆಯು ನಿದ್ರೆಯೆಂಬ ತಡೆಯಬಾರದ ವೇಗವನ್ನು ತಡೆಯುತ್ತದೆ, ಲೋಭವೆಂಬ ತಡೆಯಬೇಕಾದ ವೇಗವನ್ನು ಹರಿಯಬಿಡುತ್ತದೆ. ರಾತ್ರಿ ಒಂಬತ್ತರ ನಂತರ ಯಾವುದನ್ನೂ ಕೊಳ್ಳದೆ, ಬೇಕೆನಿಸಿದುದನ್ನು ಬುಟ್ಟಿಯಲ್ಲಿಟ್ಟು ಬೆಳಗಿನ ಪೂಜೆಯಾದ ಮೇಲೆ ಮತ್ತೆ ನೋಡಿರಿ. ಅರ್ಧದಷ್ಟು ವಸ್ತುಗಳು ಬೇಡವೆನಿಸುತ್ತವೆ, ಇದು ನನ್ನ ರೋಗಿಗಳೇ ಹೇಳಿದ ಮಾತು.

ಕೊಂಡ ವಸ್ತುವಿನಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮೊಬೈಲಿನ ಮೂಲಕ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಔಷಧಿಯ ಡಬ್ಬಿ ಖಾಲಿಯಾದರೂ ಎಸೆಯಬೇಡಿರಿ. ವೈದ್ಯರ ಬಳಿಗೆ ಹೋಗುವಾಗ, ಅವರು ಆಯುರ್ವೇದದವರಿರಲಿ ಅಲೋಪತಿಯವರಿರಲಿ, ತರಿಸಿಕೊಂಡು ಸೇವಿಸಿದ ಎಲ್ಲ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿರಿ.