ದೈವದಂಡನೆಯೂ ನಾಗಸಾಕಿಯ ನಿರಪರಾಧಿಗಳೂ

ಮಹಾವಿಪತ್ತು ಬಂದೊದಗಿದಾಗ ‘ಇದು ದೇವರ ಶಿಕ್ಷೆ’ ಎನ್ನುವುದು ಅನೇಕ ಮತಗಳವರಲ್ಲಿ ಕಂಡುಬರುವ ರೂಢಿ. ಕನ್ನಡ ನಾಡಿನಲ್ಲಿ ಅದನ್ನೇ ಪೂರ್ವಕರ್ಮವೆನ್ನುವರು. ಆ ಮಾತು ಯಾರ ಬಾಯಿಂದ ಹೊರಡುತ್ತದೆಂಬುದನ್ನು ವಿಚಾರಿಸದೆ ಅದರ ಯೋಗ್ಯತೆಯನ್ನು ನಿರ್ಣಯಿಸಲಾಗದು. ಜಪಾನಿನ ನಾಗಸಾಕಿಯ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

1945ನೆಯ ಆಗಸ್ಟ್ 9ರಂದು ಅಣುಬಾಂಬನ್ನು ಹೊತ್ತ ಅಮೆರಿಕದ ವಿಮಾನವು ಮೊದಲು ಹೋದುದು ಕೊಕುರಾ ಪಟ್ಟಣದ ಮೇಲೆ. ಅಲ್ಲಿ ಹೊಗೆ ಮೋಡಗಳಿಂದ ಗುರಿಯು ಕಾಣದಿರಲು ಅದು ನಾಗಸಾಕಿಯತ್ತ ತಿರುಗಿತು. ಅಲ್ಲಿಯೂ ಮೋಡ ಕವಿದಿತ್ತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಉದ್ದೇಶಿಸಿದ ಸ್ಥಳದಿಂದ ಸುಮಾರು 3 ಕಿಲೋಮೀಟರು ದೂರದ ಉರಕಾಮಿ ಕಣಿವೆಯ ಮೇಲೆ ಬಾಂಬು ಸಿಡಿಯಿತು. ಉರಕಾಮಿಯು ಕ್ರೈಸ್ತರ ನೆಲೆ. ಮತನಿಷೇಧದ ಕಾಲದಲ್ಲಿಯೂ ತಲೆತಲಾಂತರವಾಗಿ ಗುಪ್ತವಾಗಿ ತಮ್ಮ ನಂಬಿಕೆಯನ್ನು ಕಾಪಾಡಿಕೊಂಡು ಬಂದವರ ಊರು. ಅಲ್ಲಿನ ಸುಮಾರು 12,000 ಕ್ರೈಸ್ತರಲ್ಲಿ 8,500ರಷ್ಟು ಮಂದಿ ಮಡಿದರು. ಚರ್ಚಿನೊಳಗೆ ಪಾಪನಿವೇದನೆಗೆ ಬಂದಿದ್ದವರೂ ಅದನ್ನು ಕೇಳುತ್ತಿದ್ದ ಪಾದ್ರಿಗಳೂ ಒಟ್ಟಿಗೆ ಅಳಿದರು. ಸಮೀಪದ ಶಿರೊಯಾಮಾ ಶಾಲೆಯ ಸುಮಾರು 1,400 ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿಯೇ ಸತ್ತರೆಂದು ಲೆಕ್ಕ.

ಪರದೇವರನ್ನು ಪೂಜಿಸಿದವರಿಗೆ ತಕ್ಕ ದಂಡನೆಯಾಯಿತೆಂದು ನೆರೆಯವರಲ್ಲಿ ಕೆಲವರು ಆಡಿಕೊಂಡರು. ಹಾಗಾದರೆ ಕೊಕುರಾದ ಆಕಾಶವು ಆ ದಿನ ತಿಳಿಯಾಗಿದ್ದಿದ್ದರೆ ಅಲ್ಲಿನವರು ಪಾಪಿಗಳೂ ಉರಕಾಮಿಯವರು ಪುಣ್ಯವಂತರೂ ಆಗುತ್ತಿದ್ದರೇ? ಮೋಡದ ಚಲನೆಯಿಂದ ಪಾಪಪುಣ್ಯಗಳನ್ನು ಅಳೆಯುವ ನ್ಯಾಯವು ಯಾವ ದೇವರಿಗೂ ಶೋಭಿಸದು.

ಅದೇ ಊರಿನ ವೈದ್ಯ ತಕಾಶಿ ನಾಗಾಯಿ ಈ ನಿಂದೆಯನ್ನು ಒಪ್ಪಲಿಲ್ಲ. ಆತನು ಪತ್ನಿಯನ್ನು ಆ ಬೆಂಕಿಯಲ್ಲಿಯೇ ಕಳೆದುಕೊಂಡಿದ್ದನು. ತಾನೂ ರಕ್ತದ ಅರ್ಬುದದಿಂದ ನರಳುತ್ತಿದ್ದನು. 1945ನೆಯ ನವೆಂಬರ್ 23ರಂದು ಪಾಳುಬಿದ್ದ ಚರ್ಚಿನ ಬಳಿ ಮಾತನಾಡುತ್ತ, ಇದು ಶಿಕ್ಷೆಯಲ್ಲ, ಯುದ್ಧವೆಂಬ ಮಹಾಪಾಪದ ಪ್ರಾಯಶ್ಚಿತ್ತಕ್ಕಾಗಿ ನಿಷ್ಕಳಂಕರನ್ನು ದೇವರು ಆಹುತಿಯಾಗಿ ಸ್ವೀಕರಿಸಿದನೆಂದು ಸಾರಿದನು. ಮಕ್ಕಳನ್ನು ಕಳೆದುಕೊಂಡು ‘ನಾವೇ ಪಾಪಿಗಳೇನೋ’ ಎಂದು ಕುಗ್ಗಿದ್ದವರಿಗೆ ಈ ಮಾತು ಊರುಗೋಲಾಯಿತು. ಅಂತಹವನನ್ನು ದೂರದಲ್ಲಿ ಕುಳಿತು ಹಳಿಯುವುದು ಸುಲಭ, ಸಲ್ಲದು.

ಆದರೆ ಸಂತಪ್ತನ ಬಾಯಲ್ಲಿ ಸಾಂತ್ವನವಾದ ಮಾತು ಹೊಡೆದವನ ಕಿವಿಗೆ ಬಿದ್ದರೆ ಕ್ಷಮಾಪತ್ರವಾಗುತ್ತದೆ. ಆಹುತಿಯನ್ನು ಬೇಡಿದವನು ದೇವರೆಂದಾದರೆ ಬಾಂಬನ್ನು ಕೆಡವಲು ಆಜ್ಞೆಯಿತ್ತವರು ಕೇವಲ ಪರಿಚಾರಕರಾಗುವರು. ಯುದ್ಧವನ್ನು ಹೂಡಿ ಕಡೆಯವರೆಗೂ ಎಳೆದ ಜಪಾನಿನ ಆಳುವವರೂ ಹೊಣೆಯಿಂದ ಜಾರಿಕೊಳ್ಳುವರು. ಮುಂದೆ ಜಪಾನಿನ ವಿಮರ್ಶಕರೇ ಈ ದೋಷವನ್ನು ಎತ್ತಿ ತೋರಿಸಿದರು. ಹತರಾದ ಮಕ್ಕಳಂತೂ ಯಾವ ಬಲಿಪೀಠಕ್ಕೂ ಸಮ್ಮತಿಯಿತ್ತವರಲ್ಲ. ಸ್ವಂತ ಇಚ್ಛೆಯಿಂದ ತನ್ನನ್ನು ಅರ್ಪಿಸಿಕೊಂಡಾಗ ಮಾತ್ರ ಅದು ತ್ಯಾಗ; ಅನ್ಯರಿಂದ ಕಸಿದುಕೊಂಡುದಕ್ಕೆ ಬೇರೆ ಹೆಸರಿದೆ.

1981ನೆಯ ಫೆಬ್ರವರಿಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಹಿರೋಶಿಮಾದಲ್ಲಿ ನಿಂತು, ಯುದ್ಧವು ಮನುಷ್ಯನ ಕೃತಿಯೆಂದು ಘೋಷಿಸಿದರು. ಮೂವತ್ತೈದು ವರುಷಗಳ ಕಾಲ ದೈವಸಂಕಲ್ಪವೆಂದು ಮೌನವಾಗಿದ್ದ ಉರಕಾಮಿಯ ಕೆಲವು ಮುದುಕರು ಆ ಬಳಿಕ ತಾವು ಕಂಡುದನ್ನು ಬಾಯಿಬಿಟ್ಟು ಹೇಳತೊಡಗಿದರು.