ಪ್ಯಾಚ್ ಕಳಿಸೋ ಮುಂಚೆ ವಾರ ಎಣಿಸಿ

ಲಿನಕ್ಸ್ ಕರ್ನಲ್‌ಗೆ ಮೊದಲ ಸಲ ಪ್ಯಾಚ್ ಕಳಿಸಿ ಎರಡು ವಾರ ಉತ್ತರ ಬರದಿದ್ರೆ, ನಮ್ಮ ಕೋಡೇ ಸರಿಯಿಲ್ಲ ಅಂತ ಕೈಬಿಟ್ಟುಬಿಡ್ತೀವಿ. ಎಷ್ಟೋ ಸಲ ಕಾರಣ ನಾವು ಕಳಿಸಿದ ಟೈಮ್.

ಕರ್ನಲ್‌ನ ಹೊಸ ಆವೃತ್ತಿ ಸುಮಾರು 9–10 ವಾರಕ್ಕೊಮ್ಮೆ ಬರುತ್ತೆ. ಮೊದಲ 2 ವಾರ 'ಮರ್ಜ್ ವಿಂಡೋ'. ಮೇಂಟೇನರ್‌ಗಳು ಮೊದಲೇ ನೋಡಿ ಒಪ್ಪಿಟ್ಟ ಬದಲಾವಣೆಗಳನ್ನು ಲಿನಸ್ ಟೊರ್ವಾಲ್ಡ್ಸ್ ಆಗ ಸೇರಿಸಿಕೊಳ್ತಾರೆ. ಆಮೇಲೆ ಆರ್‌ಸಿ1 ಬರುತ್ತೆ, ಬಾಗಿಲು ಮುಚ್ಚುತ್ತೆ. ಅಲ್ಲಿಂದ ವಾರಕ್ಕೊಂದು ಆರ್‌ಸಿ, ಬಗ್ ಸರಿಮಾಡೋದೇ ಕೆಲಸ. ಸಾಮಾನ್ಯವಾಗಿ ಆರ್‌ಸಿ7 ಆದಮೇಲೆ ಬಿಡುಗಡೆ.

ಹೆಸರು ಕೇಳಿದ್ರೆ ಮರ್ಜ್ ವಿಂಡೋನೇ ಪ್ಯಾಚ್ ಕಳಿಸೋ ಸಮಯ ಅನ್ಸುತ್ತೆ, ಅಲ್ವಾ? ಪೂರ್ತಿ ಉಲ್ಟಾ! ಆ ಎರಡು ವಾರ ಅನೇಕ ಮೇಂಟೇನರ್‌ಗಳು ಹೊಸ ಫೀಚರ್ ಮುಟ್ಟೋದೇ ಇಲ್ಲ. ಆರ್‌ಸಿ1 ಆದಮೇಲೆ ಕಳಿಸಿದ್ರೆ ಓದೋಕೆ ಅವರಿಗೂ ಪುರುಸೊತ್ತು ಇರುತ್ತೆ.

ಇನ್ನು 'ಸೈನ್ಡ್-ಆಫ್-ಬೈ' ಸಾಲು. 'ಈ ಕೋಡ್ ಕೊಡೋ ಹಕ್ಕು ನನಗಿದೆ' ಅಂತ ಅದರ ಅರ್ಥ. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್ ವಿಚಾರದಲ್ಲಿ ಐಬಿಎಂ ಮೇಲೆ ಕೇಸು ಹಾಕಿತ್ತು. ಮರುವರ್ಷ ಈ ನಿಯಮ ಬಂತು. ಇಂಟರ್ನ್‌ಶಿಪ್‌ನಲ್ಲಿ ಬರೆದ ಕೋಡನ್ನ ಕಂಪನಿ ಒಪ್ಪಿಗೆ ಇಲ್ದೆ ಕಳಿಸೋರು ಸಹಿ ಹಾಕೋ ಮುಂಚೆ ಯೋಚಿಸ್ಬೇಕು.

ಇದೆಲ್ಲ ಕರ್ನಲ್ ಸೋರ್ಸ್ ಜೊತೆಗೇ, 'ಡಾಕ್ಯುಮೆಂಟೇಷನ್' ಒಳಗಿನ 'ಪ್ರೊಸೆಸ್' ಫೋಲ್ಡರ್‌ನಲ್ಲಿದೆ. ಅದರಲ್ಲಿ ತಪ್ಪು ಕಂಡ್ರೆ ಅದಕ್ಕೂ ಪ್ಯಾಚೇ ಕಳಿಸ್ಬೇಕು.